ಸುಟ್ಟ ಸಕ್ಕರೆಯ ಬಟ್ಟಲು

ಸಕ್ಕರೆ ಯಾವಾಗ ಕರಗತೊಡಗಿತು ಎನ್ನುವುದನ್ನು ಅವಳು ನೋಡಲಿಲ್ಲ. ನೋಡುತ್ತಲೇ ನಿಂತಿದ್ದಳು, ಆದರೂ ನೋಡಲಿಲ್ಲ. ಬಾಣಲೆಗೆ ಸುರಿದಾಗ ಅದು ಬರೀ ಸಕ್ಕರೆಯಾಗಿತ್ತು, ಡಬ್ಬಿಯಲ್ಲಿದ್ದಷ್ಟೇ ಬೆಳ್ಳಗೆ, ಮೊಂಡಾಗಿ; ಆಮೇಲೆ ಅಂಚಿನಲ್ಲಿ ಒಂದು ಕಡೆ ಒದ್ದೆಯಾದಂತೆ ಕಂಡಿತು. ಕದಡಬಾರದು, ಬಾಣಲೆಯನ್ನೇ ಎತ್ತಿ ಅಲ್ಲಾಡಿಸಬೇಕು ಎಂದು ಯಾರೋ ಹೇಳಿದ್ದು ನೆನಪಾಯಿತು. ಕದಡದೆ ಬಿಟ್ಟರೆ ತಳ ಹತ್ತುತ್ತದೆ ಎಂದೂ ಯಾರೋ ಹೇಳಿದ್ದರು. ಆ ಇಬ್ಬರೂ ಒಬ್ಬರೇ ಇದ್ದಿರಬಹುದೆ ಎಂದು ಯೋಚಿಸುತ್ತ, ಚಮಚ ಹಿಡಿದ ಕೈಯನ್ನು ಬಾಣಲೆಯ ಮೇಲೆ ಗಾಳಿಯಲ್ಲೇ ನಿಲ್ಲಿಸಿಕೊಂಡಿದ್ದಳು. ಅಷ್ಟರಲ್ಲಿ ಒಂದು ಮೂಲೆ ಜೇನಿನ ಬಣ್ಣಕ್ಕೆ ತಿರುಗಿತು. ಇಷ್ಟು ಸಾಕೆ, ಇನ್ನೊಂಚೂರು ಬೇಕೆ? ಅವಳು ಕೆಲಸ ಮಾಡುವ ಕಣ್ಣಿನ ಆಸ್ಪತ್ರೆಯಲ್ಲಿ, ಕತ್ತಲೆ ಕೋಣೆಯೊಳಗೆ, ಎದುರಿಗೆ ಕೂತವರ ಮೂಗಿನ ಮೇಲೆ ಒಂದಾದಮೇಲೊಂದು ಗಾಜು ಇಟ್ಟು ದಿನವಿಡೀ ಅವಳು ಕೇಳುವುದು ಇದನ್ನೇ: ಇದು ಚೆನ್ನಾಗಿ ಕಾಣ್ಸುತ್ತಾ, ಅದು ಚೆನ್ನಾಗಿ ಕಾಣ್ಸ್ತಿತ್ತಾ? ಮುದುಕರು ತಬ್ಬಿಬ್ಬಾಗುತ್ತಾರೆ. "ಎರಡೂ ಒಂದೇ ಥರ ಇದೆಯಮ್ಮ, ನೀವೇ ಹೇಳಿಬಿಡಿ" ಎನ್ನುತ್ತಾರೆ. ಕಣ್ಣು ನಿಮ್ಮದು, ನಾನು ಹೇಗೆ ಹೇಳಲಿ ಎಂದು ಅವಳು ನಗುತ್ತಾಳೆ. ಈಗ ತನ್ನ ಬೆನ್ನ ಹಿಂದೆ ಯಾರಾದರೂ ನಿಂತು, ಸಾಕು, ಇಳಿಸು ಎಂದು ಹೇಳಿದ್ದರೆ ಅವರ ಕಾಲಿಗೆ ಬೀಳುತ್ತಿದ್ದಳು. ಯಾರೂ ಹೇಳಲಿಲ್ಲ. ಜೇನು ಇದ್ದಕ್ಕಿದ್ದಂತೆ ಕಪ್ಪಾಯಿತು, ನಡುವಿನಿಂದ ಹೊಗೆ ಎದ್ದಿತು, ಕಣ್ಣು ಉರಿಯಿತು. ಅವಳು ಬಾಣಲೆಯನ್ನು ನಲ್ಲಿಯ ಕೆಳಗೆ ಹಿಡಿದಳು. ಅದು ಹಾವಿನಂತೆ ಬುಸುಗುಟ್ಟಿ, ಮರುಕ್ಷಣ ಗಾಜಿನಂತೆ ಗಟ್ಟಿಯಾಗಿ ಕೂತುಬಿಟ್ಟಿತು.

ಎಲ್ಲ ಆ ಒಂದು ಫೋನಿನಿಂದ ಆದದ್ದು. ಮೊನ್ನೆ ಸಂಜೆ ಅವಳು ಚಪ್ಪಲಿ ಬಿಡುತ್ತಿದ್ದಾಗ ಫೋನು ಬಂತು, ಒಂದು ಚಪ್ಪಲಿ ಕಾಲಿನಲ್ಲೇ ಇತ್ತು. ಮಾಡಿದ್ದು ಗಂಡನ ಮಗಳು. ಆ ಹುಡುಗಿ ಫೋನು ಮಾಡುವುದೇ ಅಪರೂಪ, ಮಾಡಿದರೆ ಅಪ್ಪನಿಗೆ. ಬೇರೆ ಊರಿನ ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ರೈಲು ಎಲ್ಲಿಗೆ ಎಂದು ಇಡೀ ದಿನ ಸಾರುವ ಕೆಲಸ ಹುಡುಗಿಯದು. ಮನೆಯಲ್ಲಿ ಮಾತ್ರ ತುಟಿ ಬಿಚ್ಚುವವಳಲ್ಲ. ಎಳೆಗೂಸಾಗಿದ್ದಾಗ ಸಣ್ಣ ದನಿಯಲ್ಲಿ ಎಳೆದೆಳೆದು ಅಳುತ್ತಿದ್ದಳೆಂದು ಅವಳಪ್ಪ ಪಿಟೀಲು ಎಂದು ಹೆಸರಿಟ್ಟಿದ್ದ. "ಹೆಸರು ಪಿಟೀಲು, ಕುಯ್ಯೋದು ಮಾತ್ರ ಇಲ್ಲ" ಎಂದು ಈಗಲೂ ತಮಾಷೆ ಮಾಡುತ್ತಾನೆ. ಅಂಥ ಹುಡುಗಿ ಮೊನ್ನೆ, "ಚಿಕ್ಕಮ್ಮ, ಭಾನುವಾರ ಊಟಕ್ಕೆ ಬರ್ತೀವಿ. ಅವನೂ ಬರ್ತಾನೆ" ಎಂದಳು. ಅವನು ಎಂದರೆ ಅವಳು ಮದುವೆಯಾಗಬೇಕೆಂದಿರುವ ಲಿಫ್ಟ್ ರಿಪೇರಿಯವನು. ಆಮೇಲೆ ಸ್ವಲ್ಪ ತಡೆದು, "ಅದನ್ನ ಮಾಡ್ತೀಯಾ? ನಾನು ಚಿಕ್ಕೋಳಿದ್ದಾಗ ನೀನು ಮಾಡ್ತಿದ್ದೆಯಲ್ಲ, ಸುಟ್ಟ ಸಕ್ಕರೆದು, ಅಲ್ಲಾಡುತ್ತಲ್ಲ ಅದು" ಎಂದಳು.

ಆಯ್ತು ಮಾಡ್ತೀನಿ ಎಂದು ಅವಳ ಬಾಯಿ ಹೇಳಿಬಿಟ್ಟಿತು. ಫೋನಿಟ್ಟ ಮೇಲೆ ಒಂದೇ ಚಪ್ಪಲಿಯಲ್ಲಿ ಬಾಗಿಲ ಬಳಿ ನಿಂತೇ ಇದ್ದಳು. ಅದನ್ನು ಮಾಡುತ್ತಿದ್ದವಳು ಅವಳಲ್ಲ. ಅಕ್ಕ. ಹುಡುಗಿಯ ಹೆತ್ತ ತಾಯಿ. ಅಕ್ಕ ಮದುವೆಗೆ ಮುಂಚೆ ಒಂದು ಹೋಟೆಲಿನ ಸ್ವಾಗತದ ಮೇಜಿನಲ್ಲಿ ಕೆಲಸ ಮಾಡುತ್ತಿದ್ದಾಗ, ಅಲ್ಲಿ ಸ್ಪೇನ್ ದೇಶದ ಒಬ್ಬ ದಪ್ಪ ಅಡುಗೆಯವನಿದ್ದನಂತೆ. ಅವನಿಂದ ಕಲಿತು ಬಂದದ್ದು ಈ ಫ್ಲಾನ್. ಹಾಲು, ಮೊಟ್ಟೆ, ಸಕ್ಕರೆ, ಅಷ್ಟೇ. "ಪ್ಲಾನ್ ಅಲ್ಲ ಕಣೇ, ಫ್ಲಾನ್. ಆದ್ರೆ ಪ್ಲಾನ್ ಇಲ್ದೆ ಫ್ಲಾನ್ ಆಗಲ್ಲ" ಎಂದು ಅಕ್ಕ ನಗುತ್ತಿದ್ದಳು. ಮಾತಿಗೆ ಮಾತು ಸೇರಿಸಿ ತಾನೇ ಮೊದಲು ನಕ್ಕುಬಿಡುವುದು ಅಕ್ಕನ ರೀತಿ. ಹಾಗಾದರೆ ಫೋನಿನಲ್ಲೇ, ನಾನಲ್ಲಮ್ಮ, ನಿಮ್ಮಮ್ಮ ಮಾಡ್ತಿದ್ದಿದ್ದು ಎಂದು ಯಾಕೆ ಹೇಳಲಿಲ್ಲ? ಹೇಳಲು ಒಂದು ಉಸಿರು ಸಾಕಿತ್ತು. ಆದರೆ ಇಷ್ಟು ವರ್ಷಗಳಲ್ಲಿ ಆ ಹುಡುಗಿ ತಾನಾಗಿ ಕೈಯೆತ್ತಿ ಅವಳಿಗೆ ಕೊಟ್ಟ ಮೊದಲನೆಯ ವಸ್ತು ಅದು. ಅದು ಬೇರೆಯವರದು ಎಂದು ಗೊತ್ತಿದ್ದೂ ತೆಗೆದುಕೊಂಡಳು. ಬಸ್ಸಿನಲ್ಲಿ ಯಾರೋ ಮರೆತುಹೋದ ಕೊಡೆಯನ್ನು ಕಂಡಕ್ಟರು ನಿಮ್ದೇನಮ್ಮ ಎಂದಾಗ ಹೌದು ಎಂದು ಇಸಿದುಕೊಂಡ ಹಾಗೆ.

ಚಿಕ್ಕಮ್ಮ. ಅಕ್ಕ ಇದ್ದಾಗಲೂ ಹುಡುಗಿ ಅವಳನ್ನು ಕರೆಯುತ್ತಿದ್ದದ್ದು ಚಿಕ್ಕಮ್ಮ ಎಂದೇ, ಅಕ್ಕ ಹೋಗಿ, ಮನೆಯವರೆಲ್ಲ ಕೂತು ಮಾತಾಡಿ, ಭಾವನನ್ನು ಅವಳು ಮದುವೆಯಾದ ಮೇಲೂ ಚಿಕ್ಕಮ್ಮ ಎಂದೇ. ಮೊದಲನೆಯದರ ಅರ್ಥ ಅಮ್ಮನ ತಂಗಿ. ಎರಡನೆಯದರ ಅರ್ಥ ಮಲತಾಯಿ. ಶಬ್ದ ಒಂದೇ ಆದ್ದರಿಂದ ಒಂದರಿಂದ ಇನ್ನೊಂದಕ್ಕೆ ತಾನು ಯಾವ ಹೊಸ್ತಿಲು ದಾಟಿದೆ ಎಂದು ಅವಳಿಗೇ ತಿಳಿಯಲಿಲ್ಲ. ಹುಡುಗಿಗೆ ತಿಳಿದಿತ್ತು. ಅಮ್ಮನ ತಂಗಿಯಾಗಿದ್ದಾಗ ಮಡಿಲಿಗೆ ಬಂದು ಬೀಳುತ್ತಿದ್ದವಳು, ಆಮೇಲಾಮೇಲೆ ಅವಳು ತಲೆ ಬಾಚಲು ಹೋದರೆ ಕುತ್ತಿಗೆ ಬಿಗಿಹಿಡಿದು ಕೂರುತ್ತಿದ್ದಳು. ಬೇಡ ಎನ್ನುತ್ತಿರಲಿಲ್ಲ. ಬರೀ ಬಿಗಿಹಿಡಿಯುತ್ತಿದ್ದಳು. ಬಾಚಣಿಗೆ ಹಿಡಿದ ಕೈಗೆ ಆ ಬಿಗಿ ಗೊತ್ತಾಗುತ್ತಿತ್ತು, ಯಾರಿಗೆ ಹೇಳಿಕೊಳ್ಳುವಂಥದ್ದೂ ಅಲ್ಲ.

"ಏನಾದ್ರೂ ಹತ್ಕೊಂಡು ಉರೀತಿದೆಯಾ?" ಗಂಡ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಅವನು ಊರಿಗೆ ನೀರು ಬಿಡುವ ಕಚೇರಿಯ ಪ್ರಯೋಗಾಲಯದಲ್ಲಿ ನೀರು ಪರೀಕ್ಷೆ ಮಾಡುವವನು. ಬಣ್ಣ ಇಲ್ಲ, ರುಚಿ ಇಲ್ಲ, ವಾಸನೆ ಇಲ್ಲ, ಅದೇ ಒಳ್ಳೆ ನೀರು ಎಂದು ಮದುವೆಯಾದ ಹೊಸತರಲ್ಲಿ ಅವನು ಅಕ್ಕನಿಗೆ ಹೇಳಿದ್ದನಂತೆ. "ನಿಮ್ಮ ಭಾವನೂ ಹಾಗೇ ಕಣೇ, ಅದಕ್ಕೇ ಒಳ್ಳೆಯವರು" ಎಂದು ಅಕ್ಕ ಅವಳ ಕಿವಿಯಲ್ಲಿ ಪಿಸುಗುಟ್ಟಿದ್ದಳು.

"ಸಕ್ಕರೆ ಸೀದುಹೋಯ್ತು. ಮೊಟ್ಟೆ ಸಾಲಲ್ಲ ಅನ್ಸುತ್ತೆ, ತಂದುಕೊಡ್ತೀರಾ?" ಎಂದಳು. ಅವನು ಚೀಲ ಹುಡುಕುತ್ತಿದ್ದಾಗ, ಬೆನ್ನು ಮಾಡಿಯೇ ನಿಂತು, ತೀರ ಸಾಮಾನ್ಯ ಮಾತೆಂಬಂತೆ ಕೇಳಿದಳು: "ರೀ, ಪಿಟೀಲು ಚಿಕ್ಕೋಳಿದ್ದಾಗ ಇದನ್ನ ಯಾರು ಮಾಡ್ತಿದ್ರು?"

ಅವನ ಕೈಯಲ್ಲಿ ಚೀಲ ಸರಪರ ಎನ್ನುವುದು ನಿಂತಿತು. "ನೀನೇ ಅಲ್ವಾ?" ಎಂದ. "ನೀನೇ ಇರ್ಬೇಕು. ಯಾಕೆ?"

"ಏನಿಲ್ಲ."

ಅವನು ಮೆಟ್ಟಿಲಿಳಿದು ಹೋಗುವ ಸದ್ದು ಪೂರ್ತಿ ಮುಗಿಯುವವರೆಗೂ ಅವಳು ಸೀದ ಬಾಣಲೆಯನ್ನು ಉಜ್ಜುತ್ತಿದ್ದಳು. ಸಿಟ್ಟು ಬಂತು. ಎಂಥ ಮನುಷ್ಯ, ಜೊತೆಗೆ ಬಾಳಿದ ಹೆಂಡತಿಯ ಕೈಯಡುಗೆ ಕೂಡ ಮರೆತು ಕೂತಿದ್ದಾನೆ. ಈ ಮನೆಯಲ್ಲಿ ಅಕ್ಕನ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಅವಳ ಫೋಟೋ ಹುಡುಗಿಯ ಕೋಣೆಯ ಕಪಾಟಿನೊಳಗೆ, ಬಟ್ಟೆಗಳ ಹಿಂದೆ ಇದೆ. ಅಪ್ಪ ಮಗಳು ಇಬ್ಬರೂ ಸೇರಿ ಅವಳನ್ನು ಮರೆತೇಬಿಟ್ಟಿದ್ದಾರೆ, ನೆನಪಿಟ್ಟುಕೊಂಡಿರುವವಳು ತಾನೊಬ್ಬಳೇ ಎಂದು ಅವಳು ಎಷ್ಟೋ ಸಲ ಅಂದುಕೊಂಡದ್ದುಂಟು. ಹಾಗೆ ಅಂದುಕೊಳ್ಳುವಾಗ ಒಳಗೆ ಎಲ್ಲೋ ಒಂದು ಸಣ್ಣ ಹೆಮ್ಮೆ ಇರುತ್ತಿತ್ತು. ಈಗ ಆ ಸಿಟ್ಟಿನ ಕೆಳಗೆ ಇನ್ನೇನೋ ಇತ್ತು. ಕೈ ಉಜ್ಜುವುದನ್ನು ನಿಲ್ಲಿಸಿದಾಗ ಅದು ಗೊತ್ತಾಯಿತು. ನೀನೇ ಇರ್ಬೇಕು ಎಂದು ಅವನು ಹೇಳಿದಾಗ ಅವಳಿಗೆ ಖುಷಿಯಾಗಿತ್ತು.

ಇಬ್ಬರು ಒಂದೇ ಮಾತು ಹೇಳುತ್ತಿದ್ದಾರೆಂದರೆ ನಿಜವೇ ಇರಬಹುದಲ್ಲ? ನಿಜಕ್ಕೂ ಒಂದು ಸಲ ಅವಳು ಮಾಡಿದ್ದಳು. ಅಕ್ಕನ ಕಾಯಿಲೆ ಜಾಸ್ತಿಯಾಗಿ, ನೋಡಿಕೊಳ್ಳಲೆಂದು ಅವಳು ಬಂದು ಇದೇ ಮನೆಯಲ್ಲಿ ಉಳಿದುಕೊಂಡಿದ್ದ ದಿನಗಳು ಅವು. ಹುಡುಗಿ ಫ್ಲಾನ್ ಬೇಕು ಎಂದು ರಚ್ಚೆ ಹಿಡಿದಿತ್ತು. ಅಕ್ಕ ಸ್ಟೂಲು ಎಳೆದುಕೊಂಡು, ಮೈತುಂಬ ಶಾಲು ಹೊದ್ದು, ಒಲೆಯಿಂದ ಸ್ವಲ್ಪ ದೂರದಲ್ಲಿ ಕೂತಿದ್ದಳು. ಎದ್ದು ನಿಲ್ಲಲು ಆಗುತ್ತಿರಲಿಲ್ಲ. ಹೀಗೆ ಮಾಡು, ಹಾಗೆ ಮಾಡು ಎಂದು ಹೇಳುತ್ತಿದ್ದಳು. ಕದಡಬೇಡ ಎಂದವಳು ಅವಳೇ, ತಳ ಹತ್ತೀತು ಎಂದವಳೂ ಅವಳೇ. ಆಮೇಲೆ, "ಕಲಿತ್ಕೊಂಡ್ಬಿಡು. ಮುಂದೆ ಬೇಕಾಗುತ್ತೆ" ಎಂದಳು. ಅದನ್ನು ಹೇಳಿದ್ದು ಅವನು ಬಾಗಿಲಿಗೆ ಬರುವುದಕ್ಕೆ ಮುಂಚೆಯೋ, ಬಂದು ಹೋದ ಮೇಲೋ? ಅದೇ ಇಷ್ಟು ವರ್ಷ ಅವಳಿಗೆ ಬಗೆಹರಿಯದ ಮಾತು. ಅವನು, ಆಗಿನ ಭಾವ, ಕೆಲಸದಿಂದ ಬಂದು ಇದೇ ಬಾಗಿಲಲ್ಲಿ ನಿಂತಿದ್ದ, ಅವಳ ಕೆನ್ನೆಗೆ ಮೊಟ್ಟೆಯ ಲೋಳೆ ಮೆತ್ತಿದ್ದನ್ನು ನೋಡಿ ನಕ್ಕಿದ್ದ, ಅವಳೂ ನಕ್ಕಿದ್ದಳು. ಮನೆಯಲ್ಲಿ ತಿಂಗಳುಗಳಿಂದ ಯಾರೂ ನಕ್ಕಿರಲಿಲ್ಲ. ನಗು ನಿಂತ ಮೇಲೆ ನೋಡಿದರೆ ಅಕ್ಕ ಇಬ್ಬರನ್ನೂ ನೋಡುತ್ತಿದ್ದಳು. ಅವಳ ಮುಖದಲ್ಲಿ ಏನಿತ್ತು? ಮುಂಚೆಯೇ ಹೇಳಿದ್ದರೆ ಅದು ಅಡುಗೆಯ ಮಾತು, ತಾಯಿಯೊಬ್ಬಳು ಮಗುವಿಗಾಗಿ ಹೇಳಿದ ಮಾತು. ಆಮೇಲೆ ಹೇಳಿದ್ದರೆ? ಆಮೇಲೆ ಹೇಳಿದ್ದರೆ ಅದು ಅಪ್ಪಣೆಯೇ, ಶಾಪವೇ, ಬರೀ ದಣಿವೇ? ಅವಳು ಎಷ್ಟೋ ಸಲ ಆ ಮಧ್ಯಾಹ್ನವನ್ನು ಮುಂದಕ್ಕೂ ಹಿಂದಕ್ಕೂ ಜರುಗಿಸಿ ನೋಡಿದ್ದಾಳೆ, ಮೂಗಿನ ಮೇಲೆ ಗಾಜು ಬದಲಿಸಿದ ಹಾಗೆ. ಇದು ಸ್ಪಷ್ಟವಾ, ಅದು ಸ್ಪಷ್ಟವಾ. ಎರಡೂ ಒಂದೇ ಥರ.

ಎರಡನೆಯ ಸಲ ಸಕ್ಕರೆ ಇಟ್ಟಾಗ ಭಯಕ್ಕೆ ಬೇಗನೇ ಇಳಿಸಿಬಿಟ್ಟಳು. ಬಣ್ಣ ತೆಳುವಾಯಿತು. ಬೇಗಬೇಗ ಅಲ್ಯುಮಿನಿಯಂ ಬಟ್ಟಲಿಗೆ ಹೊಯ್ದು, ಬಟ್ಟೆಯಲ್ಲಿ ಹಿಡಿದು ಸುತ್ತ ತಿರುಗಿಸಿದಳು. ಅದು ಬಟ್ಟಲ ಗೋಡೆಗೆ ಸೋಮಾರಿಯಂತೆ ಹತ್ತಿ, ಅರ್ಧಕ್ಕೇ ನಿಂತು, ಟಿಕ್ ಟಿಕ್ ಎಂದು ಬಿರುಕು ಬಿಡುವ ಸದ್ದು ಮಾಡಿತು. ಹಾಲು ಕಾಯಿಸಿ ಆರಲು ಇಟ್ಟಳು. ಅಷ್ಟರಲ್ಲಿ ಗಂಡ ಬಂದ. ಮೊಟ್ಟೆಯ ಜೊತೆ ಒಂದು ಬಣ್ಣದ ಪೊಟ್ಟಣವನ್ನೂ ಮೇಜಿನ ಮೇಲಿಟ್ಟ.

"ಇದೇನು?"

"ಅಂಗಡಿಯವನು ಕೊಟ್ಟ. ಇದ್ರಲ್ಲಿ ಎಲ್ಲ ಇದೆಯಂತೆ, ಹಾಲು ಹಾಕಿ ಕುದಿಸಿದ್ರೆ ಆಯ್ತಂತೆ. ನೀನು ಸುಮ್ನೆ ಕಷ್ಟಪಡ್ತಿದ್ದೀಯ ಅಂತ..."

"ಅದು ಪೌಡರು ಕಣ್ರೀ."

"ಗೊತ್ತಾಗುತ್ತಾ ಅವರಿಗೆ?"

ಅವಳು ಪೊಟ್ಟಣವನ್ನು ಪಕ್ಕಕ್ಕೆ ಸರಿಸಿದಳು. ಗೊತ್ತಾಗುತ್ತಾ ಅವರಿಗೆ? ಎಂಥ ಸರಳ ಪ್ರಶ್ನೆ. ಗೊತ್ತಾಗಲಿ ಎಂಬುದು ಅವಳ ಆಸೆಯೋ ಗೊತ್ತಾಗದಿರಲಿ ಎಂಬುದೋ, ಅದೇ ಗೊತ್ತಾಗಲಿಲ್ಲ. ಫ್ಲಾನ್ ಚೆನ್ನಾಗಿ ಬಂದರೆ ಹುಡುಗಿ, ಇದೇ ಚಿಕ್ಕಮ್ಮ, ನೀನು ಮಾಡ್ತಿದ್ದದ್ದು ಎನ್ನುತ್ತಾಳೆ. ಅಲ್ಲಿಗೆ ಅಕ್ಕನ ಕೊನೆಯ ವಸ್ತುವೂ ತನ್ನ ಪಾಲಿಗೆ ಬಂದಂತಾಯಿತು: ಅಕ್ಕನ ಗಂಡ, ಅಕ್ಕನ ಮಗಳು, ಅಕ್ಕನ ಅಡುಗೆಮನೆ, ಈಗ ಅಕ್ಕನ ಕೈ. ಕೆಟ್ಟರೆ, ಅಯ್ಯೋ ಚಿಕ್ಕಮ್ಮನಿಗೆ ಕೈ ತಪ್ಪಿಹೋಗಿದೆ ಎಂದಾರು. ಆಗಲೂ ಅದು ತನ್ನದೇ ಆಗಿತ್ತೆಂದು ಲೆಕ್ಕ. ಅವಳು ಮೊಟ್ಟೆ ಒಡೆದಳು. ಒಂದು ಚಿಪ್ಪಿನ ಚೂರು ಬಿತ್ತು, ಬೆರಳಿಂದ ತೆಗೆಯಲು ಹೋದರೆ ಜಾರಿಜಾರಿ ಹೋಯಿತು. ಹಾಲು ಬೆರೆಸಿ, ಸೋಸಿ, ಬಟ್ಟಲಿಗೆ ಹೊಯ್ದು, ಬಿಸಿನೀರಿನ ಅಗಲ ಪಾತ್ರೆಯೊಳಗೆ ಬಟ್ಟಲನ್ನಿಟ್ಟು ಮುಚ್ಚಿದಳು. ನೀರು ಕುದಿಯಬಾರದು, ಕುದಿಯುವ ಹಾಗಿರಬೇಕು. ಅಕ್ಕನ ಮಾತುಗಳೆಲ್ಲ ಹೀಗೆಯೇ. ಉರಿ ಸಣ್ಣಗೆ ಮಾಡಿದಳು, ಬೇಯುತ್ತಿಲ್ಲವೇನೋ ಎಂದು ದೊಡ್ಡದು ಮಾಡಿದಳು, ಮತ್ತೆ ಸಣ್ಣಗೆ. ಮುಚ್ಚಳ ಎತ್ತಿ ಬಟ್ಟಲನ್ನು ತಟ್ಟಿ ನೋಡಿದರೆ ನಡುವೆ ಅಲುಗಾಡುತ್ತಿತ್ತು. ಅಲುಗಾಡುವುದು ಬೆಂದದ್ದಕ್ಕೋ ಬೇಯದ್ದಕ್ಕೋ? ಬೆಂದ ಮೇಲೂ ಅಲುಗಾಡಬೇಕಲ್ಲ ಅದು.

ಅವರು ಬಂದಾಗ ಫ್ಲಾನ್ ಫ್ರಿಜ್ಜಿನಲ್ಲಿತ್ತು, ಅವಳು ಸೀರೆ ಬದಲಿಸಿರಲಿಲ್ಲ. ಲಿಫ್ಟಿನ ಹುಡುಗ ಎತ್ತರದವನು, ಬಾಗಿಲಲ್ಲಿ ಬಗ್ಗಿ ಒಳಗೆ ಬಂದ. ಬಗ್ಗುವ ಅಗತ್ಯವಿರಲಿಲ್ಲ, ಅಭ್ಯಾಸ. ಹುಡುಗಿ ಒಳಗೆ ಕಾಲಿಟ್ಟವಳೇ ಮೂಗರಳಿಸಿ ಗಾಳಿಯನ್ನು ಎಳೆದುಕೊಂಡಳು. ಊಟಕ್ಕೆ ಕೂತರು. ಹುಡುಗ ಲಿಫ್ಟುಗಳ ಬಗ್ಗೆ ಮಾತಾಡಿದ, ಗಂಡ ನೀರಿನ ಬಗ್ಗೆ. ಮೇಲಿನ ಮಹಡಿಗಳಿಗೆ ಯಾಕೆ ನೀರು ಏರುವುದಿಲ್ಲ, ಜನ ಯಾಕೆ ಲಿಫ್ಟಿನಲ್ಲಿ ಒಬ್ಬರನ್ನೊಬ್ಬರು ನೋಡದೆ ಮೇಲಕ್ಕೆ ನೋಡುತ್ತ ನಿಲ್ಲುತ್ತಾರೆ. ಇಬ್ಬರಿಗೂ ಹೊಂದಿಕೆಯಾಯಿತು. ಅವಳಿಗೆ ಹಗುರವೆನ್ನಿಸಿತು. ಆ ಹಗುರಿನಲ್ಲೇ ಪಾತ್ರೆ ಹಿಡಿದು ಗಂಡನ ಕಡೆ ಬಾಗಿ, "ಭಾವ, ಇನ್ನೊಂಚೂರು ಬಡಿಸ್ಲಾ?" ಎಂದುಬಿಟ್ಟಳು.

ಹುಡುಗ ತಲೆ ಎತ್ತಿ ಗಂಡನನ್ನು ನೋಡಿದ, ಅವಳನ್ನು ನೋಡಿದ, ಕೊನೆಗೆ ಹುಡುಗಿಯನ್ನು ನೋಡಿದ. ವರ್ಷಕ್ಕೊಮ್ಮೆಯೋ ಎರಡು ಸಲವೋ ಹೀಗೆ ನಾಲಿಗೆ ಜಾರುವುದುಂಟು. ಮನೆಯಲ್ಲಿ ಯಾರೂ ಕೇಳಿಸಿಕೊಂಡಂತೆ ತೋರಿಸುವುದಿಲ್ಲ. ಇವತ್ತು ಕೇಳಿಸಿಕೊಳ್ಳುವವನೊಬ್ಬ ಇದ್ದ.

"ಹೇಳಿದ್ನಲ್ಲ ನಿಂಗೆ," ಎಂದಳು ಹುಡುಗಿ, ರೈಲು ತಡವಾಗಿದೆ ಎಂದು ಸಾರುವಷ್ಟೇ ಸಮನಾದ ದನಿಯಲ್ಲಿ, "ಚಿಕ್ಕಮ್ಮ ನಮ್ಮಮ್ಮನ ತಂಗಿ. ಅಪ್ಪ ಮೊದ್ಲು ಅವಳಿಗೆ ಭಾವ ಆಗಿದ್ರು."

"ಓಹೋ, ಹೌದಲ್ಲ," ಎಂದ ಹುಡುಗ. "ನಮ್ಮಮ್ಮ ನನ್ನನ್ನ ಈಗ್ಲೂ ನಮ್ಮಣ್ಣನ ಹೆಸರಿಂದಾನೇ ಕರೀತಾಳೆ ಆಂಟಿ, ಬಿಡಿ." ಒಳ್ಳೆಯ ಹುಡುಗ. ಆದರೂ ಅವಳು ಪಾತ್ರೆ ಇಟ್ಟು ಅಡುಗೆಮನೆಗೆ ಹೋಗಿ, ಸುಮ್ಮನೆ ನಲ್ಲಿ ಬಿಟ್ಟು, ಸುಮ್ಮನೆ ನಿಲ್ಲಿಸಿ, ಫ್ರಿಜ್ಜಿನಿಂದ ಬಟ್ಟಲು ತೆಗೆದುಕೊಂಡು ಬಂದಳು.

"ನಾನು ಬೋರಲು ಹಾಕ್ತೀನಿ," ಎಂದು ಹುಡುಗಿ ಎದ್ದಳು. ಅಂಚಿಗೆ ಚಾಕು ಆಡಿಸಿ, ಮೇಲೊಂದು ತಟ್ಟೆ ಮುಚ್ಚಿ, ಎರಡನ್ನೂ ಒತ್ತಿ ಹಿಡಿದು ತಿರುಗಿಸಿದಳು. ಏನೂ ಬೀಳಲಿಲ್ಲ. ಬಟ್ಟಲ ತಲೆಗೆ ತಟ್ಟಿದಳು. ಬೀಳಲಿಲ್ಲ. "ಲಿಫ್ಟ್ ಸಿಕ್ಕಾಕೊಂಡಾಗ ಒಳಗಿರೋರಿಗೆ ನಾವು ಮೊದ್ಲು ಹೇಳೋದು ಒಂದೇ ಮಾತು," ಎಂದ ಹುಡುಗ, "ಗಾಬರಿಯಾಗ್ಬೇಡಿ, ಅಲ್ಲಾಡ್ಬೇಡಿ, ತಾನಾಗೇ ಇಳಿಯುತ್ತೆ." ಎಲ್ಲರೂ ಬಟ್ಟಲನ್ನೇ ನೋಡುತ್ತ ಕೂತರು. ಒಳಗಿನಿಂದ ಪಚಕ್ ಎಂದು ಒಂದು ಸಣ್ಣ ಸದ್ದು ಬಂತು. ಬಟ್ಟಲು ಎತ್ತಿದರೆ ಅದು ತಟ್ಟೆಯ ನಡುವೆ, ಒಂದು ಕಡೆ ಸ್ವಲ್ಪ ಕುಸಿದು, ನಡುಗುತ್ತ ಕೂತಿತ್ತು. ತಲೆಯ ಮೇಲಿಂದ ಕಂದು ರಸ ಮೆಲ್ಲಗೆ ಇಳಿದು ಸುತ್ತ ಕೊಳವಾಯಿತು.

ಹುಡುಗಿ ಒಂದು ಚಮಚ ಬಾಯಿಗಿಟ್ಟಳು. ಕಣ್ಣು ಮುಚ್ಚಿದಳು. ಅವಳು ಆ ಮುಚ್ಚಿದ ರೆಪ್ಪೆಗಳನ್ನೇ ನೋಡುತ್ತಿದ್ದಳು, ಕತ್ತಲೆ ಕೋಣೆಯಲ್ಲೂ ಯಾರ ಕಣ್ಣನ್ನೂ ಅಷ್ಟು ಆತಂಕದಿಂದ ನೋಡಿದವಳಲ್ಲ. ಹುಡುಗಿ ಇನ್ನೊಂದು ಚಮಚ ತಿಂದಳು. ತುಂಬ ಹೊತ್ತು ಬಾಯಲ್ಲೇ ಇಟ್ಟುಕೊಂಡಳು.

"ಚೆನ್ನಾಗಿದೆ," ಎಂದಳು ಕೊನೆಗೆ. "ಆಗಿನದ್ರಲ್ಲಿ ಇಷ್ಟು ತೂತು ಇರ್ಲಿಲ್ಲ ಅನ್ಸುತ್ತೆ."

"ನೀರು ಕುದಿದುಬಿಡ್ತು." ಇನ್ನು ತಡೆಯಲಾಗಲಿಲ್ಲ. "ನೋಡು, ಅದು ನಾನಲ್ಲ. ನಿಮ್ಮಮ್ಮ. ನಿಮ್ಮಮ್ಮ ಮಾಡ್ತಿದ್ದಿದ್ದು. ಫೋನಲ್ಲೇ ಹೇಳ್ಬೇಕಿತ್ತು, ಯಾಕೋ ಹೇಳ್ಲಿಲ್ಲ."

ಹುಡುಗಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಚಮಚವನ್ನು ತಟ್ಟೆಯ ಅಂಚಿಗೆ ಇಟ್ಟಳು. "ಇರ್ಬಹುದು ಅಂತ ನಂಗೂ ಅನ್ಸಿತ್ತು," ಎಂದಳು. ಆಮೇಲೆ, "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನಂಗೆ ಅಮ್ಮನ ಮುಖ ಇಲ್ಲ."

"ಮುಖ ಇಲ್ಲ ಅಂದ್ರೆ?"

"ಫೋಟೋ ಇದೆ. ಅದ್ರಲ್ಲಿರೋದು ಫೋಟೋ. ಇಲ್ಲಿ ಇಲ್ಲ." ಹಣೆಯನ್ನು ಮುಟ್ಟಿಕೊಂಡಳು. "ಅಮ್ಮ ಅಂತ ನೆನಪು ಮಾಡ್ಕೊಳಕ್ಕೆ ಹೋದಾಗೆಲ್ಲ ನಿನ್ನ ಮುಖಾನೇ ಬರುತ್ತೆ. ಬೇರೆ ಬರೋದೇ ಇಲ್ಲ. ಚಿಕ್ಕೋಳಿದ್ದಾಗಿಂದ. ಅದಕ್ಕೆ ನಿನ್ನ ಮೇಲೆ ಎಷ್ಟು ಸಿಟ್ಟು ಬರ್ತಿತ್ತು ಗೊತ್ತಾ? ನಿಂದೇನೂ ತಪ್ಪಿಲ್ಲ ಅಂತ ಗೊತ್ತಿದ್ರೂ. ಇದನ್ನ ತಿಂದ್ರೆ ಬರ್ಬಹುದೇನೋ ಅಂದ್ಕೊಂಡೆ. ಮದ್ವೆಗೆ ಮುಂಚೆ ಒಂದ್ಸಲ."

"ಬಂತಾ?" ಎಂದು ಕೇಳಿದಳು.

"ಇಲ್ಲ."

ಹಾಗಾದರೆ ಮುಖವನ್ನೂ. ಗಂಡ, ಮಗಳು, ಮನೆ, ಕೊನೆಗೆ ಮುಖವನ್ನೂ ತಾನೇ ಇಟ್ಟುಕೊಂಡಿದ್ದಳು, ತನಗೇ ಗೊತ್ತಿಲ್ಲದೆ. ಅಕ್ಕ ಹೀಗಿದ್ದಳು ಎಂದು ಈಗಲೇ ಹೇಳಿಬಿಡಬೇಕು, ಈ ಮಗುವಿಗೆ ಅವಳ ಸ್ವತ್ತನ್ನು ಹಿಂದಕ್ಕೆ ಕೊಟ್ಟುಬಿಡಬೇಕು ಎಂದು ಅವಳು ಬಾಯಿ ತೆರೆದಳು. ತೆರೆದರೆ, ಅಕ್ಕ ಬರಲಿಲ್ಲ. ಶಾಲು ಬಂತು, ಸ್ಟೂಲು ಬಂತು, ನಗುವಿನ ಸದ್ದು ಬಂತು. ಮುಖವಿರಬೇಕಾದ ಕಡೆ ಕಪಾಟಿನ ಫೋಟೋ ಬಂತು, ಅದನ್ನು ಸರಿಸಿದರೆ ದಿನಾ ಕನ್ನಡಿಯಲ್ಲಿ ಕಾಣುವ ತನ್ನದೇ ಮುಖ. ನೆನಪಿಟ್ಟುಕೊಂಡವಳು ತಾನೊಬ್ಬಳೇ ಎಂದುಕೊಂಡಿದ್ದಳಲ್ಲ!

"ಅವಳಿಗೆ ಮೊಟ್ಟೆ ವಾಸನೆ ಆಗ್ತಿರ್ಲಿಲ್ಲ," ಎಂದ ಗಂಡ.

ಮೂವರೂ ಅವನ ಕಡೆ ತಿರುಗಿದರು. ಅವನು ತಟ್ಟೆಯನ್ನು ನೋಡುತ್ತಿದ್ದ. "ಇದನ್ನ ಅಷ್ಟು ಆಸೆಯಿಂದ ಮಾಡ್ತಿದ್ಳು, ಒಂದು ಚಮಚ ತಿನ್ತಿರ್ಲಿಲ್ಲ. ಮೂಗು ಹಿಡ್ಕೊಂಡೇ ಮೊಟ್ಟೆ ಕಲಸ್ತಿದ್ದಿದ್ದು. ಮೂಗು ಹಿಡ್ಕೊಂಡು ಸುಮ್ನಾದ್ರೂ ಇರ್ತಿದ್ಳಾ, ಮಾತು ಬೇರೆ. ಮೊಟ್ಟೆ ಅನ್ನೋಕೆ ಬರ್ದೆ ಬೊಟ್ಟೆ, ಬೊಟ್ಟೆ ಅಂತ..." ಅಷ್ಟು ಹೇಳಿ ತಟ್ಟನೆ ನಿಲ್ಲಿಸಿ, ಅವಳನ್ನು ನೋಡಿದ. ಹುಡುಗಿಯೂ ಅವಳನ್ನೇ ನೋಡುತ್ತಿದ್ದಳು.

ಆ ನೋಟ ಅವಳಿಗೆ ಹೊಸದಲ್ಲ. ಅಪ್ಪ ಮಗಳು ಮಾತಾಡುತ್ತಿರುವಾಗ ಅವಳು ಕೋಣೆಗೆ ಬಂದರೆ, ಮಾತು ನಿಂತು, ಇಬ್ಬರೂ ಹೀಗೆಯೇ ನೋಡುತ್ತಿದ್ದರು. ತನ್ನನ್ನು ಹೊರಗಿನವಳೆಂದು ಎಣಿಸುತ್ತಾರೆ ಎಂದು ಅವಳು ಎಷ್ಟೋ ರಾತ್ರಿ ದಿಂಬು ಒದ್ದೆ ಮಾಡಿದ್ದಳು. ಅದು ಅಪ್ಪಣೆ ಕೇಳುವ ನೋಟ ಎಂದು ಇವತ್ತಿನವರೆಗೆ ಹೊಳೆದಿರಲಿಲ್ಲ. ಇವರು ಯಾವುದನ್ನೂ ಮರೆತಿರಲಿಲ್ಲ. ತನಗೆ ನೋವಾದೀತೆಂದು ಇಬ್ಬರೂ ಅಕ್ಕನನ್ನು ಬಟ್ಟೆಗಳ ಹಿಂದೆ ಇಟ್ಟು ಕಾದಿದ್ದರು.

"ಮತ್ತೆ ಬೆಳಿಗ್ಗೆ ನಾನೇ ಮಾಡ್ತಿದ್ದೆ ಅಂದ್ರಲ್ಲ?" ಎಂದಳು.

"ನಿಂಗೆ ಆ ಮಾತು ಕೇಳ್ಬೇಕು ಅನ್ನಿಸ್ತಿದೆ ಅಂದ್ಕೊಂಡೆ."

ಇಷ್ಟು ಸಲೀಸಾಗಿ ತನ್ನ ಒಳಗನ್ನು ಓದಬಲ್ಲ ಮನುಷ್ಯ ಇನ್ನೇನೇನು ಓದಿದ್ದಾನೋ. ಆ ಮಧ್ಯಾಹ್ನ ಬಾಗಿಲಲ್ಲಿ ನಿಂತು ಅವನೂ ಅಕ್ಕನ ಮುಖ ನೋಡಿದ್ದನೇ? ಕೇಳಲು ಇದು ಹೊತ್ತಲ್ಲ. ಯಾವುದು ಹೊತ್ತು ಎಂದೂ ಗೊತ್ತಿಲ್ಲ. "ಹೇಳ್ರಿ," ಎಂದಳು. "ನಿಲ್ಲಿಸ್ಬೇಡಿ, ಹೇಳಿ ಅವಳಿಗೆ."

"ಅದೇ," ಎಂದ ಅವನು ನೀರಿನವನ ಎಚ್ಚರದಿಂದ, "ಎಡಗೈಲಿ ಮೂಗು ಹಿಡ್ಕೊಂಡು, ಬಲಗೈಲಿ ಹೀಗೆ ಕಲಸ್ತಾ..."

"ಸುಳ್ಳು!" ಎಂದಳು ಅವಳು. ಅಷ್ಟು ಜೋರಾಗಿ ಬಂದೀತೆಂದು ಅವಳೇ ಅಂದುಕೊಂಡಿರಲಿಲ್ಲ. "ಎಡಗೈಲಿ ಮೂಗು ಹಿಡ್ಕೊಂಡ್ರೆ ಪಾತ್ರೆ ಯಾರು ಹಿಡೀಬೇಕು? ನೀವು ನೋಡಿದ್ದು ದೂರದಿಂದ. ನಾನು ಬಂದಾಗೆಲ್ಲ ಮೂಗನ್ನ ನನ್ನ ಕೈಲಿ ಹಿಡಿಸ್ತಿದ್ಳು. ನಾನು ಅವಳ ಬೆನ್ನ ಹಿಂದೆ ನಿಂತ್ಕೊಂಡು, ಹೀಗೆ..."

ಹುಡುಗಿ ಎದ್ದು ನಿಂತಿದ್ದಳು. "ನಾಲ್ಕು ಕೈ," ಎಂದಳು. "ಚಿಕ್ಕಮ್ಮ, ನಾನು ಮೇಜಿನ ಕೆಳಗೆ ಕೂತಿರ್ತಿದ್ದೆ. ಅಲ್ಲಿಂದ ನೋಡಿದ್ರೆ ನಾಲ್ಕು ಕೈ ಇರ್ತಿತ್ತು. ಕನಸು ಅಂದ್ಕೊಂಡಿದ್ದೆ ನಾನು."

ಅಡುಗೆಮನೆಗೆ ಯಾರು ಮೊದಲು ಹೋದರೋ. ಅವಳು ಹುಡುಗಿಯ ಕೈಗೆ ಪಾತ್ರೆ ಕೊಟ್ಟು, ಇನ್ನೊಂದು ಕೈಗೆ ಫೋರ್ಕು ಕೊಟ್ಟಳು. ಉಳಿದಿದ್ದ ಮೊಟ್ಟೆಗಳನ್ನು ಒಂದಾದ ಮೇಲೊಂದು ಒಡೆದು ಹಾಕಿದಳು. ಆಮೇಲೆ ಹಿಂದೆ ಹೋಗಿ ನಿಂತು, ಗದ್ದವನ್ನು ಹುಡುಗಿಯ ಭುಜದ ಮೇಲಿಟ್ಟಳು. ಹುಡುಗಿ ಕುತ್ತಿಗೆ ಬಿಗಿಹಿಡಿಯಲಿಲ್ಲ. ಅವಳು ಕೈ ಮುಂದೆ ಚಾಚಿ, ಕಾಣದೆಯೇ, ಬರೀ ತಡವಿ, ಹೆಬ್ಬೆರಳು ತೋರುಬೆರಳಿನ ನಡುವೆ ಹುಡುಗಿಯ ಮೂಗನ್ನು ಹಿಡಿದಳು. ತುದಿ ಸ್ವಲ್ಪ ಮೊಂಡು, ಮೇಲೆ ಒಂದು ಸಣ್ಣ ಗಂಟು, ಹಿಡಿದ ತಕ್ಷಣ ಎರಡೂ ಕಡೆ ಎಣ್ಣೆಗೆ ಜಾರುವ ಚರ್ಮ. ಮನಸ್ಸಿಗೆ ಬಾರದ್ದು ಬೆರಳಿಗೆ ಬಂತು: ಅಕ್ಕನದೇ ಮೂಗು. ಆ ಮೂಗಿನ ಸುತ್ತ ಕೆನ್ನೆ ಬಂತು, ನೀರು ತುಂಬಿದ ಕಣ್ಣು ಬಂತು, ಉಸಿರು ಬಿಗಿಹಿಡಿದು ಕೆಂಪಾದ ಇಡೀ ಮುಖ ಬಂತು. ಅದು ತನ್ನ ಮುಖವಾಗಿರಲಿಲ್ಲ, ಫೋಟೋದ್ದೂ ಆಗಿರಲಿಲ್ಲ.

"ಕಲಸು," ಎಂದಳು. "ಕಲಸ್ತಾ ಮಾತಾಡು. ಸುಮ್ನಿರ್ತಿರ್ಲಿಲ್ಲ ಅವಳು."

ಫೋರ್ಕು ಪಾತ್ರೆಗೆ ತಗುಲಿ ಟಕಟಕ ಎನ್ನತೊಡಗಿತು. "ಬೊಟ್ಟೆ," ಎಂದಳು ಹುಡುಗಿ. ನಗುತ್ತಿದ್ದಳೋ, ಮೂಗು ಹಿಡಿದಿದ್ದರಿಂದ ಹಾಗೆ ಕೇಳಿಸುತ್ತಿತ್ತೋ. ಬಾಗಿಲಲ್ಲಿ ಎತ್ತರದ ಹುಡುಗನೂ ಅವನ ಪಕ್ಕ ಗಂಡನೂ ನಿಂತಿದ್ದರು. ಗಂಡ ಕನ್ನಡಕ ತೆಗೆದು ಒರೆಸಿಕೊಂಡ. ಅವಳ ಬೆರಳುಗಳಿಗೆ ಬೆಚ್ಚಗೆ ಒದ್ದೆ ತಾಗಿತು. ಹುಡುಗಿಗೆ ಉಸಿರು ಕಟ್ಟೀತೆಂದು ಅವಳು ಹಿಡಿತ ಸಡಿಲಿಸಲು ಹೋದಳು.

"ಚಿಕ್ಕಬ್ಬ," ಎಂದಳು ಹುಡುಗಿ, ಕಲಸುವುದನ್ನು ನಿಲ್ಲಿಸದೆ. "ಬಿಡಬೇಡ."